ಅವಳ ಮೇಕೆ, ನನ್ನ ಹರಕೆ

ಹರಕೆ ಹೊತ್ತವರೇ ತೀರಿಸಬೇಕು ಅನ್ನುವುದು ಕೈಲಾಂಚದ ಕಡೆಯ ನಮ್ಮ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಹೊತ್ತ ಹರಕೆಯನ್ನು ಮಾತ್ರ ಬೇರೊಬ್ಬಳು ತೀರಿಸಿದಳು. ತೀರಿಸಿದ ಮೇಲೆ ನನಗೇ ಕೈಮುಗಿದಳು. ಅವಳು ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ, ಒಂದು ವಾರ ಮುಖ ಊದಿಸಿಕೊಂಡಿದ್ದು ಮರೆತುಬಿಡುತ್ತಿದ್ದೆ. ಜಗಳದಲ್ಲಿ ನಾನು ಊರಿಗೇ ಮುಂದು. ಕೈಮುಗಿದು ನಿಂತವಳ ಜೊತೆ ಏನೆಂದು ಜಗಳ ಆಡುವುದು?

ಆಗ ನಾನು ನಮ್ಮೂರ ಹೆಂಗಸರ ಸಂಘದ ಅಧ್ಯಕ್ಷೆ. ರಾಮನಗರದ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವಳು, ಬ್ಯಾಂಕಿನವರ ಎದುರು ಕುರ್ಚಿ ಎಳೆದುಕೊಂಡು ಕೂರುವವಳು ಎಂದು ನನ್ನನ್ನು ಆ ಜಾಗಕ್ಕೆ ಕೂರಿಸಿದ್ದರು. ಸಂಘದಲ್ಲಿ ಉಳಿತಾಯ ಒಂದಿಷ್ಟು ಸೇರಿತ್ತು. ಗಂಡನನ್ನು ಕಳೆದುಕೊಂಡ ಮೂವರು ಹೆಂಗಸರಿಗೆ ಒಂದೊಂದು ಗಬ್ಬದ ಮೇಕೆ ಕೊಡಿಸೋಣ ಎಂದು ನಾನೇ ಹೇಳಿದೆ. ಹೆಣ್ಣು ಮರಿ ಹುಟ್ಟಿದರೆ ಸಾಕಿಕೊಳ್ಳುವುದು, ಹೋತ ಹುಟ್ಟಿದರೆ ಬೆಳೆಸಿ ಬಕ್ರೀದಿಗೆ ಮಾರುವುದು, ಬಂದ ದುಡ್ಡಿಗೆ ಸಂಘದಿಂದ ಒಸಿ ಸೇರಿಸಿ ಒಂದು ಸೀಮೆಹಸು ಕೊಳ್ಳುವುದು. ಹಸು ಬಂತೆಂದರೆ ಡೈರಿಯಲ್ಲಿ ಅವಳ ಹೆಸರಿಗೇ ಸದಸ್ಯತ್ವ. ಹಾಲಿನ ದುಡ್ಡು ಮಾವನಿಗಲ್ಲ, ಭಾವನಿಗಲ್ಲ, ಹಾಲು ಹಾಕಿದವಳ ಕೈಗೆ ಬರುತ್ತದೆ. ಇಷ್ಟನ್ನೂ ನಾನು ಸಭೆಯಲ್ಲಿ ಕೈ ಬೀಸಿ ಬೀಸಿ ವಿವರಿಸಿದೆ. ಮಾತಾಡುವಾಗ ನನಗೆ ನನ್ನ ಮೇಲೇ ತುಂಬ ಗೌರವ ಬಂದಿತ್ತು.

ಮರುದಿನ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು. "ಗಂಡನ್ನೇ ಉಳಿಸ್ಕೊಳ್ದೋರು ಮೇಕೆ ಉಳಿಸ್ಕತ್ತಾರಾ? ಅವ್ರ ಕೈಗುಣ ಗೊತ್ತಿಲ್ವಾ?"

ನನಗೆ ಮೈಯೆಲ್ಲ ಉರಿಯಿತು. "ಹೋದ ವರ್ಷ ನಿಮ್ಮ ಜೋಡೆತ್ತಿನಲ್ಲಿ ಒಂದು ಸತ್ತಿತಲ್ಲ, ಅದು ಯಾರ ಕೈಗುಣ?" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಮೂರರಲ್ಲಿ ಒಂದೇ ಒಂದು ಮೇಕೆ ಸಾಯ್ಲಿ, ಅವತ್ತೇ ಅಧ್ಯಕ್ಷಗಿರಿ ಬುಟ್ಟು ಮನೇಲಿ ಕೂರ್ತೀನಿ" ಎಂದೂ ಸೇರಿಸಿದೆ.

ಮೇಕೆಗಳನ್ನು ಕನಕಪುರದ ಸಂತೆಯಿಂದ ತಂದೆವು. ಮೂವರೂ ನನ್ನ ಜೊತೆಗೇ ಬಂದಿದ್ದರು. ಇಬ್ಬರು ನಾನು ತೋರಿಸಿದ್ದಕ್ಕೆ ತಲೆಯಾಡಿಸಿದರು. ಮೂವರಲ್ಲಿ ಚಿಕ್ಕವಳು ಮಾತ್ರ ಸಂತೆಯನ್ನೆಲ್ಲ ಸುತ್ತಿ, ಕೊನೆಗೆ ಒಂದು ಕರೀ ಮೇಕೆಯ ಹತ್ತಿರ ಕೂತುಬಿಟ್ಟಳು. "ಇದೇ ಇರ್ಲಿ ಅಕ್ಕಾ. ನನ್ನ ನೋಡ್ತಾ ಐತೆ" ಅಂದಳು. ಮೇಕೆ ಅವಳ ಸೆರಗಿನಲ್ಲಿದ್ದ ಕಡಲೆಪುರಿಯನ್ನು ನೋಡುತ್ತಿತ್ತು. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳಿಗೆ ಮಕ್ಕಳಿರಲಿಲ್ಲ. ಗಂಡನ ಅಣ್ಣನ ಮನೆಯಲ್ಲಿದ್ದಳು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ರೇಷ್ಮೆ ಹುಳುಗಳಿಗೆ ಹಾಕುವುದು, ಕಸ, ಮುಸುರೆ, ಎಲ್ಲರಿಗೂ ಮುದ್ದೆ ಕಟ್ಟುವುದು, ಎಲ್ಲ ಅವಳದೇ. ಕೈಗೆ ಮಾತ್ರ ಬಿಡಿಗಾಸು ಇಲ್ಲ. ಸೀರೆ ಹರಿದರೆ ಓರಗಿತ್ತಿಯ ಹಳೆಯದನ್ನು ಕೊಡುತ್ತಿದ್ದರು. ನಾನು ಒಮ್ಮೆ ಅವಳ ಭಾವನನ್ನು ತಡೆದು ಕೇಳಿದ್ದಕ್ಕೆ "ಮನೇಲಿ ಉಣ್ಣೋಳಿಗೆ ಕೂಲಿ ಯಾಕಮ್ಮ?" ಎಂದು ನನ್ನನ್ನೇ ಕೇಳಿದ. ಕೆಟ್ಟವನೇನಲ್ಲ. ಅವನ ಲೆಕ್ಕದಲ್ಲಿ ಅವನು ಅನ್ನ ಹಾಕುತ್ತಿದ್ದ ಪುಣ್ಯವಂತ.

ಸಂತೆಯಿಂದ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. "ಅಕ್ಕಾ, ಹಸು ಬಂದ್ಬುಟ್ರೆ ಮೇಕೆ ಕಟ್ಟೋ ಚಪ್ಪರದಲ್ಲೇ ಒಂದ್ ಮೂಲೇಲಿ ಬೇರೆ ಒಲೆ ಹೂಡ್ಕೊತೀನಿ. ಒಂದೇ ಒಂದ್ ಮುದ್ದೆ ಆದ್ರೂ ನನ್ ಒಲೇಲಿ ಬೇಯ್ಲಿ" ಅಂದಳು. ಅವಳು ಬೇಡಿದ್ದು ಅಷ್ಟೇ. ಜಮೀನಿನಲ್ಲಿ ಪಾಲು ಕೇಳಲಿಲ್ಲ, ಮನೆ ಕೇಳಲಿಲ್ಲ. ಒಂದು ಒಲೆ.

ಮೇಕೆ ಬಂದು ತಿಂಗಳಾಗಿರಲಿಲ್ಲ. ಅವಳ ಭಾವನ ಮನೆಯಲ್ಲಿ ಮಗುವಿನ ಹೆಸರಿಡುವ ಶಾಸ್ತ್ರವಿತ್ತು. ಊಟವಾದ ಮೇಲೆ ಮಿಕ್ಕ ಅನ್ನವನ್ನು ಓರಗಿತ್ತಿ ದನದ ಬಾನಿಗೆ ಸುರಿದಿದ್ದಾಳೆ. ಹಗ್ಗ ಬಿಚ್ಚಿಕೊಂಡಿದ್ದ ಕರೀ ಮೇಕೆ ಹೋಗಿ ಹೊಟ್ಟೆ ತುಂಬ ತಿಂದುಬಿಟ್ಟಿದೆ. ಮಧ್ಯಾಹ್ನ ನನಗೆ ಸುದ್ದಿ ಬಂದಾಗ ಅದು ಅಂಗಳದಲ್ಲಿ ಕಾಲು ಚಾಚಿ ಮಲಗಿತ್ತು. ಎಡಗಡೆ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ಬಾಯಲ್ಲಿ ನೊರೆ. ಇವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಸುತ್ತ ನೆಂಟರು, ಊರವರು. ಶಾಸ್ತ್ರಕ್ಕೆ ಬಂದವರೆಲ್ಲ ಅಲ್ಲೇ ಇದ್ದರು.

ಕೈಲಾಂಚಕ್ಕೆ ಒಬ್ಬನನ್ನು ಬೈಕಿನಲ್ಲಿ ಓಡಿಸಿದ್ದೆವು, ದನದ ಆಸ್ಪತ್ರೆಯ ಕಾಂಪೌಂಡರನ್ನು ಕರೆತರಲು. ಆತ ಬರುವವರೆಗೆ ಎಣ್ಣೆ ಕುಡಿಸಿದೆವು, ಹೊಟ್ಟೆ ತಿಕ್ಕಿದೆವು. ಆಗ ಓರಗಿತ್ತಿ ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ನಾ ಹೇಳ್ಲಿಲ್ವಾ? ಇವ್ಳ ಕೈಗೆ ಏನ್ ಕೊಟ್ರೂ ಉಳಿಯಲ್ಲ." ಡೈರಿ ಮುಂದೆ ಮಾತಾಡಿದ್ದ ಆ ಹಿರಿಯರೂ ಅಲ್ಲೇ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರು. ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದು ನಿಂತೆ. ಊರಾಚೆ ಮಾರಮ್ಮನ ಗುಡಿ ಇರುವ ದಿಕ್ಕಿಗೆ ತಿರುಗಿ ಸೆರಗೊಡ್ಡಿ, ಅಂಗಳವೆಲ್ಲ ಕೇಳುವ ಹಾಗೆ ಕೂಗಿದೆ. "ಅಮ್ಮಾ ತಾಯಿ, ಈ ಮೇಕೆ ಎದ್ದು ನಿಂತ್ರೆ ಇದ್ರ ಹೊಟ್ಟೇಲಿ ಹುಟ್ಟೋ ಮೊದಲ್ನೇ ಹೋತ ನಿಂಗೇ ಕಣವ್ವ!"

ಮಾರಮ್ಮನಿಗೆ ಕೇಳಿಸಬೇಕಾದರೆ ಮನಸ್ಸಿನಲ್ಲಿ ಅಂದುಕೊಂಡಿದ್ದರೂ ಸಾಕಿತ್ತು. ಓರಗಿತ್ತಿಗೆ, ಆ ಹಿರಿಯರಿಗೆ ಕೇಳಿಸಬೇಕಿತ್ತು, ಅದಕ್ಕೇ ಕೂಗಿದೆ. ಮೇಕೆ ಸತ್ತರೆ ಇವಳಿಗೆ ಕೆಟ್ಟ ಹೆಸರು ಬರುತ್ತದೆ ಎಂಬ ಮರುಕ ನನಗೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ನನ್ನ ಅಧ್ಯಕ್ಷಗಿರಿಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹರಕೆ ಹೊತ್ತ ಮೇಲೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡುಪು ಇಡಬೇಕು. ಓಡಿ ಬಂದಿದ್ದ ನನ್ನ ಹತ್ತಿರ ಕಾಸಿರಲಿಲ್ಲ. ಇವಳೇ ತನ್ನ ಸೊಂಟದ ಗಂಟು ಬಿಚ್ಚಿ ಬಚ್ಚಿಟ್ಟಿದ್ದ ಒಂದೇ ಒಂದು ನಾಣ್ಯ ತೆಗೆದುಕೊಟ್ಟಳು. ಅದನ್ನೇ ಕಟ್ಟಿ ಮೇಕೆಯ ಕೊಂಬಿಗೆ ಬಿಗಿದೆ. ಮೇಕೆಯೂ ಅವಳದು, ಕಾಸೂ ಅವಳದು, ಬಾಯಿ ಮಾತ್ರ ನನ್ನದು.

ಕಾಂಪೌಂಡರು ಬಂದರು. ಹೊಟ್ಟೆಯ ಮೇಲೆ ಬೆರಳಿನಿಂದ ಬಡಿದು ನೋಡಿ, ಜಾಗ ಗುರುತು ಮಾಡಿ, ದಪ್ಪ ಸೂಜಿ ಚುಚ್ಚಿದರು. ಸುಯ್ಯೆಂದು ಗಾಳಿ ಹೊರಟಿತು. ಆಮೇಲೆ ಔಷಧಿ ಕುಡಿಸಿದರು. ಸಂಜೆಯ ಹೊತ್ತಿಗೆ ಮೇಕೆ ಎದ್ದು ನಿಂತು, ಏನೂ ಆಗದ ಹಾಗೆ ಮೈ ಕೊಡವಿತು. ಆ ಪುಣ್ಯಾತ್ಮ ಕೈ ತೊಳೆದು, ಒಂದು ಲೋಟ ಕಾಫಿ ಕುಡಿದು ಹೋದರು. ಅವರನ್ನು ಯಾರೂ ಹೊಗಳಲಿಲ್ಲ. "ಅಧ್ಯಕ್ಷರು ಹೇಳ್ಕೊಂಡ್ರು, ಅಮ್ಮ ಕಣ್ ಬುಟ್ಲು" ಎಂದು ಊರೆಲ್ಲ ಆಡಿಕೊಂಡಿತು. ಇನ್ನೊಂದು ವಾರಕ್ಕೆ ಮತ್ತೊಬ್ಬಳು ಬಂದು ತನ್ನ ಕೋಳಿಗಳಿಗೆ ರೋಗ ಬಂದಿದೆ, ನೀವೊಂದು ಹರಕೆ ಹೊತ್ತುಕೊಳ್ಳಿ ಎಂದು ಕೇಳಿದಳು. ನನಗೆ ಒಳಗೊಳಗೇ ಹಿಗ್ಗೂ ಆಗಿತ್ತು. ಸುಳ್ಳೇಕೆ ಹೇಳಲಿ?

ನಮ್ಮ ಯಜಮಾನರು ಮಾತ್ರ ಊಟಕ್ಕೆ ಕೂತಾಗ "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದ ಹಾಗಾಯ್ತು ನಿನ್ನ ಕತೆ" ಎಂದು ನಕ್ಕರು. ನಾನು ಸಾರಿನ ಸೌಟನ್ನು ಪಾತ್ರೆಗೆ ಜೋರಾಗಿ ಕುಕ್ಕಿದೆ. ಆದರೆ ಆ ರಾತ್ರಿಯಿಂದ ಒಂದು ಆಸೆ ಹಿಡಿಯಿತು. ಹೆಣ್ಣು ಮರಿ ಹುಟ್ಟಿಬಿಡಲಿ. ಮುಂದಿನ ಸಲವೂ ಹೆಣ್ಣೇ ಹುಟ್ಟಲಿ. ಮಾರಮ್ಮನಿಗೆ ಹೋತ ಕೊಡುತ್ತೇನೆ ಎಂದು ಎಲ್ಲರೆದುರು ಕೂಗಿದವಳು, ಹೋತ ಹುಟ್ಟದಿರಲಿ ಎಂದು ಅದೇ ಮಾರಮ್ಮನಿಗೆ ಕದ್ದು ಕೈಮುಗಿದೆ.

ಹುಟ್ಟಿದ್ದು ಹೋತವೇ. ಒಂದೇ ಮರಿ. ಮೂಗಿನ ತುದಿಯಿಂದ ಬಾಲದವರೆಗೆ ಒಂದು ಬಿಳಿ ಚುಕ್ಕೆಯಿಲ್ಲದ ಕಪ್ಪು. ಅವಳು ಅದಕ್ಕೆ ಹುಳುಮನೆಯಲ್ಲಿ ಮಿಕ್ಕ ಹಿಪ್ಪುನೇರಳೆ ಸೊಪ್ಪು, ಹುರುಳಿ ಕಟ್ಟು, ಬಿಸಿಲು ಕಾಲದಲ್ಲಿ ಆಲದ ಸೊಪ್ಪು ಹಾಕಿ ಬೆಳೆಸಿದಳು. ವರ್ಷ ಕಳೆದು ಮತ್ತೊಂದು ವರ್ಷ ನಡೆಯುವಾಗ ಅದು ಎದೆ ಮುಂದೆ ಮಾಡಿಕೊಂಡು ಬೀದಿಯಲ್ಲಿ ನಡೆದರೆ ನಾಯಿಗಳು ದಾರಿ ಬಿಡುತ್ತಿದ್ದವು. ಅಷ್ಟರಲ್ಲಿ ಉಳಿದ ಇಬ್ಬರೂ ತಮ್ಮ ತಮ್ಮ ಹೋತಗಳನ್ನು ಮಾರಿದ್ದರು. ಅವರಲ್ಲಿ ಒಬ್ಬಳ ಮನೆ ಮುಂದೆ ಸೀಮೆಹಸು ನಿಂತಿತ್ತು. ಬೆಳಿಗ್ಗೆ ಅವಳು ಡೈರಿಗೆ ಹಾಲು ಹಾಕಿ ಬರುವಾಗ ಕರೀ ಮೇಕೆಯವಳು ಸೊಪ್ಪಿನ ಹೊರೆ ಹೊತ್ತು ಎದುರಾಗುತ್ತಿದ್ದಳು. ಇಬ್ಬರೂ ನಿಂತು ಮಾತಾಡುತ್ತಿದ್ದರು. ನಾನು ಕಂಡರೂ ಕಾಣದವಳ ಹಾಗೆ ಒಳಗೆ ಹೋಗುತ್ತಿದ್ದೆ.

ತಡೆಯಲಾಗಲಿಲ್ಲ. ಬಕ್ರೀದಿಗೆ ಇನ್ನೂ ಕೆಲವು ದಿನವಿರುವಾಗ ರಾಮನಗರದಿಂದ ಮೇಕೆ ಕೊಳ್ಳಲು ಬರುವ ಸಾಬರಿಗೆ ನಾನೇ ಹೇಳಿಕಳಿಸಿದೆ. ಅವಳಿಗೆ ಮೊದಲೇ ತಿಳಿಸಲಿಲ್ಲ. ದುಡ್ಡು ಕಣ್ಣೆದುರು ಕಂಡರೆ ಒಪ್ಪಿಕೊಳ್ಳುತ್ತಾಳೆ, ಮಾರಮ್ಮನಿಗೆ ತಪ್ಪುಕಾಣಿಕೆ ಹಾಕಿದರಾಯಿತು ಎಂದು ನನ್ನ ಎಣಿಕೆ. ಬಿಳಿ ಗಡ್ಡದ ಆ ಸಾಬರು ಚಪ್ಪರಕ್ಕೆ ಬಂದರು. ಹೋತವನ್ನು ಕಂಡವರೇ "ಮಾಷಾಲ್ಲಾ" ಅಂದರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನ ಮೇಲೆ ಕೈಯಾಡಿಸಿದರು, ಕಾಲು ಎತ್ತಿ ನೋಡಿದರು. ನನ್ನ ಎದೆ ಹಗುರವಾಗತೊಡಗಿತ್ತು. ಕೊನೆಗೆ ಅವರು ಎಡಗಿವಿಯನ್ನು ಬೆರಳಲ್ಲಿ ಹಿಡಿದು ಬಿಡಿಸಿದರು. ಉದ್ದಕ್ಕೆ ಸೀಳಿತ್ತು. ಕಪ್ಪು ಕೂದಲ ನಡುವೆ ನನಗೆ ಅದುವರೆಗೆ ಕಂಡೇ ಇರಲಿಲ್ಲ.

"ಕಿವಿ ಸೀಳೈತಲ್ಲಮ್ಮ. ಇದು ನಿಮ್ ದೇವ್ರಿಗೆ ಬುಟ್ಟಿರೋ ಮಾಲು" ಅಂದರು. "ಹಬ್ಬಕ್ಕೆ ಅಂಗ ಊನ ಇರೋದು ನಮ್ಗೆ ನಡೆಯಲ್ಲ. ಅದೂ ಅಲ್ದೆ, ಒಬ್ರಿಗೆ ಕೊಟ್ಟಿದ್ದನ್ನ ಇನ್ನೊಬ್ರಿಗೆ ಕೊಡೋಕೆ ಆಗ್ತದಾ?" ಹೋತದ ತಲೆ ಸವರಿ, ಬೈಕು ಹತ್ತಿ ಹೋದರು.

ನಾನು ಅವಳ ಕಡೆ ತಿರುಗಿದೆ. "ಯಾರು ಕುಯ್ದೋರು? ನಿನ್ ಭಾವನಾ?"

"ಇಲ್ಲ ಅಕ್ಕಾ, ನಾನೇ ಕುಯ್ಸಿದ್ದು. ಹುಟ್ಟಿ ಒಂದ್ ವಾರಕ್ಕೇ ಪೂಜಾರಪ್ಪನ ತಾವ ಹೊತ್ಕೊಂಡು ಹೋಗಿ ಕುಯ್ಸ್ಬುಟ್ಟೆ." ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು. "ಬೆಳೀತಾ ಬೆಳೀತಾ ನಂಗೆ ಆಸೆ ಬಂದ್ಬುಟ್ರೆ? ನೀವ್ ಅಮ್ಮನ ಮುಂದೆ ಹೇಳ್ಕೊಂಡಿದ್ ಮಾತು ನನ್ ದೆಸೆಯಿಂದ ಸುಳ್ಳಾಗ್ಬಾರ್ದಲ್ವಾ?"

ನನ್ನ ಮಾತು ಸುಳ್ಳಾಗಬಾರದು ಎಂದು ತನ್ನ ಆಸೆಯ ಕಿವಿಯನ್ನು ಅವಳು ಮೊದಲೇ ಕುಯ್ಯಿಸಿಬಿಟ್ಟಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಹೋಗಿ ಹಿತ್ತಲಲ್ಲಿ ಕೂತು ಅತ್ತೆ. ಅತ್ತದ್ದರಿಂದ ಅವಳಿಗೆ ಆದದ್ದೇನೂ ಇಲ್ಲ.

ಪೂಜಾರಪ್ಪನನ್ನು ಕೇಳಲು ಹೋದೆ. ಆತನಿಗೆ ವಯಸ್ಸಾಗಿತ್ತು, ಮಾತು ಮಾತ್ರ ಚುರುಕು. ಬಿಡಿಸಿಕೊಳ್ಳಲು ದಾರಿ ಇಲ್ಲವೇ ಎಂದೆ. "ಐತೆ. ಅಷ್ಟೇ ಎತ್ತರ, ಅದೇ ಬಣ್ಣದ ಇನ್ನೊಂದ್ ಹೋತ ತಂದು ಅಮ್ಮನ ಮುಂದೆ ನಿಲ್ಸಿ. ಅದನ್ನ ಕೊಟ್ಟು ಇದನ್ನ ಬುಡಿಸ್ಕೊಳಿ. ಕಿವಿ ಸೀಳಿದ್ರೂ ಬಾಡಿನ ಅಂಗಡಿಯೋರು ತಕ್ಕೊತಾರೆ, ಒಸಿ ಕಮ್ಮಿ ಆಗ್ಬೋದು. ಹೇಳ್ಕೊಂಡೋರು ನೀವು ತಾನೆ? ತರೋರೂ ನೀವೇ ಆಗ್ಬೇಕು" ಅಂದ.

ಇಷ್ಟು ಸುಲಭದ ದಾರಿ ಇದ್ದೀತೆಂದು ನಾನು ಅಂದುಕೊಂಡಿರಲಿಲ್ಲ. ದಾರಿ ಇರಲೇಬಾರದು ಎಂದು ಬಯಸಿ ಹೋಗಿದ್ದೆನೋ ಏನೋ. ತಕ್ಷಣ ನೆಪ ಸಿಕ್ಕಿತು. ನಮ್ಮ ಮನೆದೇವರು ಮಾಗಡಿ ರಂಗಪ್ಪ. ನಾವು ಬಾಡು ತಿನ್ನುವವರೇ, ಆದರೆ ನಮ್ಮ ಮನೆಯಿಂದ ದೇವರಿಗೆ ಹಣ್ಣು, ಕಾಯಿ, ತುಳಸಿಯೇ ಹೊರತು ಕಡಿಯುವ ವಾಡಿಕೆ ಇಲ್ಲ. ಹಾಗೆಂದು ಹೇಳಿದೆ. ನಮ್ಮ ಅತ್ತೆಯವರನ್ನು ಒಂದು ಮಾತು ಕೇಳಿದ್ದರೆ "ನಿನ್ನ ಹರಕೆ, ನೀನು ತೀರಿಸು, ರಂಗಪ್ಪ ಅಷ್ಟಕ್ಕೆಲ್ಲ ಮುನಿಯಲ್ಲ" ಎನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ನಮ್ಮ ಮನೆಯಿಂದ ಕೊಡದ ಬಲಿಯನ್ನು ಅವಳ ಚಪ್ಪರದಿಂದ ಕೊಡುತ್ತೇನೆಂದು ಕೂಗುವಾಗ ರಂಗಪ್ಪನ ನೆನಪು ಬರಲಿಲ್ಲ. ಕೈಯಿಂದ ಬಿಚ್ಚಬೇಕಾಗಿ ಬಂದಾಗ ಬಂತು.

ಮಾರಿ ಹಬ್ಬದ ದಿನ ಹೋತದ ಕೊರಳಿಗೆ ಬೇವಿನ ಸೊಪ್ಪಿನ ಹಾರ ಹಾಕಿದರು. ಹರಕೆಯ ಮನೆಯಿಂದ ತಂಬಿಟ್ಟಿನ ಆರತಿ ಹೊರಡಬೇಕು. ಆರತಿಯನ್ನು ಮುತ್ತೈದೆಯೇ ಹೊರಬೇಕು. ಹೀಗಾಗಿ ಓರಗಿತ್ತಿ ಹೊಸ ಸೀರೆ ಉಟ್ಟು ಆರತಿ ಹೊತ್ತಳು, ಭಾವ ಹೋತದ ಹಗ್ಗ ಹಿಡಿದ. ಇವಳು ಮನೆಯಲ್ಲಿ ಮಸಾಲೆ ಅರೆಯುತ್ತಿದ್ದಳು. ಹೋತ ಬಾಗಿಲ ತನಕ ಹೋಗಿ, ಮುಂದೆ ಹೆಜ್ಜೆ ಇಡದೆ ಹಿಂದಕ್ಕೆ ತಿರುಗಿ ಕೂಗಿತು. ಇವಳು ಎದ್ದು ಬಂದು ಅದರ ಬೆನ್ನು ತಟ್ಟಿ "ಹೋಗಪ್ಪ, ಹೋಗು" ಅಂದಳು. ಆಮೇಲೆ ಅದು ಹೋಯಿತು.

ಪಂಕ್ತಿಯಲ್ಲಿ ಭಾವ ನೆಂಟರಿಗೆಲ್ಲ ಹೇಳುತ್ತಿದ್ದ. "ನಮ್ ಮನೆಯಿಂದ ಅಮ್ಮಂಗೆ ಇಷ್ಟು ದೊಡ್ ಹೋತ ಯಾವತ್ತೂ ಕೊಟ್ಟಿರ್ಲಿಲ್ಲ." ನಮ್ಮ ಮನೆಯಿಂದ. ಆ ಮಾತು ಅವತ್ತು ಯಾರ ಕಿವಿಗೂ ಚುಚ್ಚಲಿಲ್ಲ. ಮನೆಯ ಹೆಸರಿನಲ್ಲಿ ಹರಕೆ ತೀರಿದ ಮೇಲೆ ಮೇಕೆಯೂ ಮನೆಯದಾಯಿತು. ಮುಂದೆ ಹುಟ್ಟಿದ ಮರಿಗಳನ್ನು ಭಾವನೇ ಸಂತೆಗೆ ಹೊಡೆದುಕೊಂಡು ಹೋದ. ಸಂಘದಿಂದ ಕೇಳಲು ಹೋದರೆ "ದೇವ್ರಿಗೆ ನಮ್ ಮನೆ ಹೆಸ್ರಲ್ಲೇ ಕೊಟ್ಟಿಲ್ವಾ?" ಎಂದು ಬಾಯಿ ಮುಚ್ಚಿಸಿದ. ಅವಳಿಗೆ ಹಸು ಬರಲಿಲ್ಲ. ಬೇರೆ ಒಲೆ ಇವತ್ತಿಗೂ ಇಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ನನ್ನನ್ನು ಮೊದಲ ಪಂಕ್ತಿಯಲ್ಲಿ, ಮೊದಲ ಎಲೆಗೆ ಕೂರಿಸಿದ್ದರು. ಅವಳೇ ಬಡಿಸಲು ಬಂದಳು. ಹೊಗೆಗೆ ಕಣ್ಣು ಕೆಂಪಾಗಿತ್ತು, ಹೊಗೆಗೋ ಏನೋ. ಪಾತ್ರೆಯಲ್ಲಿ ಹುಡುಕಿ, ಬಾಡಿನಲ್ಲೇ ಮೆತ್ತನೆಯ ಈಲಿಯ ತುಂಡು ತೆಗೆದು ನನ್ನ ಎಲೆಗೆ ಹಾಕಿದಳು. "ನೀವ್ ಹೇಳ್ಕೊಂಡಿದ್ದಲ್ವಾ ಅಕ್ಕಾ, ಮೊದ್ಲು ನೀವೇ ತಿನ್ನಿ" ಅಂದಳು. ಬೇಡ ಅಂದರೆ ಅಮ್ಮನ ಪ್ರಸಾದವನ್ನು ತಳ್ಳಿದ ಹಾಗೆ, ಅವಳನ್ನು ಎಲ್ಲರೆದುರು ಅವಮಾನ ಮಾಡಿದ ಹಾಗೆ. ತಿಂದೆ. ರುಚಿಯಾಗಿತ್ತು. ಅವಳ ಕೈ ಅಡುಗೆ ಊರಿಗೇ ಹೆಸರಾದದ್ದು.

ಅವಳು ಪಕ್ಕಕ್ಕೆ ಸರಿಯಲಿಲ್ಲ. ಸೌಟು ಹಿಡಿದೇ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಇಷ್ಟ್ ದಿನ ಆದ್ಮೇಲೆ ಮೇಕೆ ಮತ್ತೆ ಗಬ್ಬ ಆಗೈತೆ ಅಕ್ಕಾ. ಈ ಸಲ ನಂಗೊಂದು ಹಸು ಬರ್ಲಿ ಅಂತ ಅಮ್ಮಂಗೆ ಒಂದ್ಮಾತು ಹೇಳ್ಕೊಳಿ. ನಿಮ್ ಬಾಯಿ ಮಾತಾದ್ರೆ ಅವ್ಳಿಗೆ ಕೇಳ್ಸ್ತದೆ." ಸೌಟು ಹಿಡಿದ ಕೈಯನ್ನೇ ಇನ್ನೊಂದು ಕೈಗೆ ಸೇರಿಸಿ ಮುಗಿದಳು.

ನಮ್ಮ ಕೊಟ್ಟಿಗೆಯಲ್ಲಿ ಆಗ ಕರೆಯುವ ಹಸು ಮೂರಿದ್ದವು, ಬೆಳೆದು ನಿಂತ ಕಡಸು ಒಂದಿತ್ತು. ನಾಳೆ ಬಂದು ಹಿಡ್ಕೊಂಡ್ ಹೋಗವ್ವ ಅನ್ನಬಹುದಿತ್ತು. ಮನೆಯಲ್ಲಿ ಯಾರೂ ನನ್ನ ಮಾತು ಮೀರುತ್ತಿರಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿದೆ.

"ಆಗ್ಲಿ ಕಣವ್ವ, ಹೇಳ್ಕೊತೀನಿ" ಅಂದೆ.

ಅವಳ ಮುಖ ಅರಳಿತು. ಇನ್ನೊಂದು ತುಂಡು ನನ್ನ ಎಲೆಗೆ ಹಾಕಿ, ಪಕ್ಕದ ಎಲೆಗೆ ಹೋದಳು.